ಟೆಕ್ನೀಶಿಯಂ ಮತ್ತು ಮುನಿಯಪ್ಪ ಮಾವನ ಸೊಂಟ

‘ರತ್ನಿ ಬಿ.ಎಸ್ಸಿ ಮಾಡೋದು ಈ ಜನ್ಮದಲ್ಲಿ ಆಗೋ ಮಾತಲ್ಲ’ ಎಂದು ಹೇಳಿದವರು ನನ್ನ ಸೋದರಮಾವ ಮುನಿಯಪ್ಪನವರು. ಗುಟ್ಟಾಗಿಯೇನೂ ಹೇಳಲಿಲ್ಲ. ಬೇಗೂರಿನ ನಮ್ಮ ಮನೆಯ ಜಗಲಿಯ ಮೇಲೆ ಕುಳಿತು, ಹಾಲಿನ ಕ್ಯಾನು ತೊಳೆಯುತ್ತಿದ್ದ ಅಪ್ಪನಿಗೆ, ಬೀದಿಗೆಲ್ಲ ಕೇಳುವಂತೆ ಹೇಳಿದರು. ಅಪ್ಪ ಮಾತಿನ ಮನುಷ್ಯರಲ್ಲ. ಕ್ಯಾನನ್ನು ಇನ್ನಷ್ಟು ಜೋರಾಗಿ ಉಜ್ಜಿದರು. ನಮ್ಮ ಮನೆಯಲ್ಲಿ ದುಡಿಮೆ ಅಪ್ಪನದು, ಮಾತು ಮಾವನದು.

ಮಾವನಿಗೆ ನನ್ನ ಮೇಲೆ ದ್ವೇಷವೇನೂ ಇರಲಿಲ್ಲ. ನಮ್ಮ ವಂಶದಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರೇ ಇರಲಿಲ್ಲವಾದ್ದರಿಂದ ಅವರಿಗೆ ಅದು ಶಾಪವಲ್ಲ, ಲೆಕ್ಕಾಚಾರ. ನಾನು ಬೆಳಗ್ಗೆ ಹಸು ಕರೆದು, ಬಸ್ಸು ಹಿಡಿದು ಜಯನಗರದ ಕಾಲೇಜಿಗೆ ಹೋಗುತ್ತಿದ್ದೆ. ಸಗಣಿ ವಾಸನೆ ಎಂದು ನಾನು ಕೂರುವ ಬೆಂಚಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ನನಗೇನು, ಇಡೀ ಬೆಂಚು ನನ್ನದು, ಪುಸ್ತಕಗಳನ್ನು ಧಾರಾಳವಾಗಿ ಹರಡಿಕೊಂಡು ಓದಿದೆ. ಭೌತಶಾಸ್ತ್ರದಲ್ಲಿ ಒಮ್ಮೆ ಡುಮ್ಕಿ ಹೊಡೆದೆ. ಮಾವ ಊರಿಗೆಲ್ಲ ಸುದ್ದಿ ಮುಟ್ಟಿಸಿದರು. ಮತ್ತೆ ಕಟ್ಟಿ ಪಾಸಾದೆ. ಆ ಸುದ್ದಿಯನ್ನು ನಾನೇ ಮುಟ್ಟಿಸಬೇಕಾಯಿತು.

ಆಮೇಲೆ ದಕ್ಷಿಣ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಟೆಕ್ನಾಲಜಿಸ್ಟ್ ಆಗಿ ದುಡಿದು ಈಗ ನಿವೃತ್ತಳಾಗಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ‘ಏನಾದ್ರೂ ಬರೀರಿ ಮೇಡಂ’ ಎಂದದ್ದಕ್ಕೆ ಬರೆಯುತ್ತಿದ್ದೇನೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನು ಬರೆಯುವುದಿಲ್ಲ. ಅದರಿಂದ ನಿಮಗೆ ಉಪಯೋಗವಿಲ್ಲ. ನಾನು ಬರೆಯಬೇಕಾಗಿರುವುದು ಮುಖ್ಯವಾಗಿ ಒಂದು ದಿನದ ಬಗ್ಗೆ. ಆ ದಿನ ಇದೇ ಮುನಿಯಪ್ಪ ಮಾವ ನನ್ನ ಕ್ಯಾಮೆರಾದ ಕೆಳಗೆ ಬಂದು ಮಲಗಿದರು. ಅವರ ಕ್ಯಾನ್ಸರು ಮೂಳೆಗೆ ಇಳಿದಿದೆಯೋ ಇಲ್ಲವೋ ಎಂದು ನಾವು ನೋಡಿ ಹೇಳಬೇಕಿತ್ತು. ಅಲ್ಲಿಗೆ ಹೋಗುವ ಮೊದಲು ನಮ್ಮ ಕೆಲಸ ಏನು, ನಮ್ಮ ಅನ್ನದ ಮೂಲವಾದ ಟೆಕ್ನೀಶಿಯಂ ಎಂಥದ್ದು ಎಂದು ತಿಳಿದಿರಲಿ.

ಕೆಲಸಕ್ಕೆ ಸೇರಿದ ದಿನ ನಮ್ಮ ವಿಭಾಗದ ಮುಖ್ಯಸ್ಥರು ನನ್ನನ್ನು ಗೋಡೆಯ ಮೇಲಿನ ಮೂಲವಸ್ತುಗಳ ಆವರ್ತ ಕೋಷ್ಟಕದ ಮುಂದೆ ನಿಲ್ಲಿಸಿದರು. ಅವರನ್ನು ನಾವೆಲ್ಲ ದೊಡ್ಡ ಡಾಕ್ಟರು ಎನ್ನುತ್ತಿದ್ದೆವು. ಎತ್ತರದಲ್ಲಿ ಅವರು ನನ್ನ ಭುಜಕ್ಕೆ ಬರುತ್ತಿದ್ದರು.

‘ನಿಮ್ಮೂರ್ ಕಡೆ ಲೇಔಟ್ ಆಗಿದೆಯೇನಮ್ಮ?’ ಎಂದರು.

‘ಆಗ್ತಾ ಇದೆ ಸಾರ್.’

‘ಹಾಗಾದ್ರೆ ನಿಂಗೆ ಬೇಗ ಅರ್ಥ ಆಗುತ್ತೆ. ಇದೂ ಒಂದು ಲೇಔಟು. ಸುತ್ತಮುತ್ತ ಸೈಟಲ್ಲೆಲ್ಲಾ ಮನೆ ಎದ್ದಿತ್ತು, ನಲವತ್ಮೂರನೇ ನಂಬರು ಮಾತ್ರ ಖಾಲಿ. ಅಲ್ಲಿಗೆ ಬರಬೇಕಾದ ಮೂಲವಸ್ತು ಸಿಗ್ತಾನೇ ಇರ್ಲಿಲ್ಲ. ಸಿಕ್ತು ಸಿಕ್ತು ಅಂತ ಎಷ್ಟು ಜನ ಬಂದ್ರು ಗೊತ್ತಾ? ಒಬ್ಬೊಬ್ಬರೂ ಒಂದೊಂದು ಹೆಸರಿಟ್ಟುಕೊಂಡು ಬಂದ್ರು. ಪರೀಕ್ಷೆ ಮಾಡಿದ್ರೆ ಒಂದೂ ನಿಲ್ಲಲಿಲ್ಲ.’

‘ಖಾಲಿ ಸೈಟಿಗೆ ಬೋಗಸ್ ಪತ್ರ ತಂದ್ಹಾಗೆ’ ಎಂದೆ. ಅವರಿಗೆ ಬಹಳ ಸಂತೋಷವಾಯಿತು. ಅಂದಿನಿಂದ ಹೊಸಬರಿಗೆಲ್ಲ ಅದನ್ನು ತಮ್ಮದೇ ಮಾತಿನಂತೆ ಹೇಳತೊಡಗಿದರು.

ಸಂಗತಿ ಇಷ್ಟು. ಆ ಮೂಲವಸ್ತು ಭೂಮಿಯಲ್ಲಿ ಸಿಗದೇ ಇದ್ದದ್ದಕ್ಕೆ ಕಾರಣವಿತ್ತು. ಅದರ ಯಾವ ರೂಪವೂ ಸ್ಥಿರವಲ್ಲ. ಎಲ್ಲವೂ ವಿಕಿರಣ ಸೂಸುತ್ತ ಬೇರೆ ವಸ್ತುವಾಗಿ ಬಿಡುತ್ತವೆ. ಭೂಮಿ ಹುಟ್ಟಿದಾಗ ಇದ್ದದ್ದೆಲ್ಲ ಎಂದೋ ಮುಗಿದುಹೋಗಿದೆ. ಯುರೇನಿಯಂ ಅದಿರಿನಲ್ಲಿ ಲವಲೇಶ ಹುಟ್ಟುತ್ತದೆ, ಕೆಲವು ಮುದಿ ನಕ್ಷತ್ರಗಳ ಬೆಳಕಿನಲ್ಲಿ ಅದರ ಗುರುತು ಕಾಣುತ್ತದೆ, ಅಷ್ಟೇ. ಕೊನೆಗೆ ಅದು ಸಿಕ್ಕಿದ್ದು ಒಂದು ಗುಜರಿ ತಗಡಿನಲ್ಲಿ. ಅಮೆರಿಕದಲ್ಲಿ ಸೈಕ್ಲೋಟ್ರಾನ್ ಎಂಬ ಯಂತ್ರದೊಳಗೆ ಪರಮಾಣು ಕಣಗಳ ಏಟು ತಿಂದು ತಿಂದು, ಬೇಡವೆಂದು ಕಿತ್ತುಹಾಕಿದ ಮಾಲಿಬ್ಡಿನಂ ತಗಡು. ಅದನ್ನು ಅಂಚೆಯಲ್ಲಿ ಇಟಲಿಗೆ ಕಳಿಸಿದರು. ಅಲ್ಲಿ ಇಬ್ಬರು ಅದರೊಳಗಿಂದ ನಲವತ್ಮೂರನೆಯದನ್ನು ಬೇರ್ಪಡಿಸಿದರು. ನಿಸರ್ಗದಲ್ಲಿ ಸಿಗುವ ಮೊದಲೇ ಮನುಷ್ಯ ಕೈಯಾರೆ ಮಾಡಿದ ಮೊಟ್ಟಮೊದಲ ಮೂಲವಸ್ತು ಇದು. ಟೆಕ್ನೀಶಿಯಂ ಎಂಬ ಹೆಸರಿಗೂ ಗ್ರೀಕ್ ಭಾಷೆಯಲ್ಲಿ ‘ಕೃತಕ’ ಎಂದೇ ಅರ್ಥವಂತೆ.

ಆಸ್ಪತ್ರೆಯಲ್ಲಿ ನಾವು ಬಳಸುವ ರೂಪಕ್ಕೆ ಅವಸರ ಬಹಳ. ಆರು ಗಂಟೆಯಲ್ಲಿ ಅರ್ಧ ಮುಗಿಯುತ್ತದೆ, ಇನ್ನಾರು ಗಂಟೆಯಲ್ಲಿ ಉಳಿದರ್ಧದ ಅರ್ಧ. ಮಾರನೇ ದಿನಕ್ಕೆ ಹೆಸರಿಗೆ ಮಾತ್ರ ಉಳಿದಿರುತ್ತದೆ. ಅದರ ಗುಣವೂ ಅದೇ, ಕಾಟವೂ ಅದೇ. ಎಕ್ಸ್‌-ರೇಯಲ್ಲಿ ಕಿರಣ ಹೊರಗಿಂದ ಬಂದು ಮೈಯೊಳಗೆ ಹಾಯುತ್ತದೆ. ನಮ್ಮಲ್ಲಿ ಒಳಗಿಂದ ಹೊರಗೆ ಬರುತ್ತದೆ. ಟೆಕ್ನೀಶಿಯಂ ಅನ್ನು ಒಂದು ಔಷಧಕ್ಕೆ ಅಂಟಿಸಿ ಚುಚ್ಚಿದರೆ ಅದು ಮೂಳೆಗೋ ಹೃದಯಕ್ಕೋ ಹೋಗಿ ಕೂರುತ್ತದೆ. ಕ್ಯಾಮೆರಾ ಅದರ ಕಿರಣ ಹಿಡಿದು ಚಿತ್ರ ಬರೆಯುತ್ತದೆ. ರೋಗವಿದ್ದ ಮೂಳೆ ಹೆಚ್ಚು ಹೀರಿಕೊಂಡು ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಈ ವ್ಯತ್ಯಾಸವನ್ನು ಮಾವನಿಗೆ ಎಷ್ಟೋ ಸಲ ವಿವರಿಸಿದೆ. ನಾನು ನಿವೃತ್ತಳಾಗುವವರೆಗೂ ಅವರು ನೆಂಟರಿಗೆ ‘ನಮ್ ರತ್ನಿ ಎಕ್ಸ್‌-ರೇ ತೆಗೀತಾಳೆ’ ಎಂದೇ ಪರಿಚಯಿಸುತ್ತಿದ್ದರು.

ನಾನು ಸೇರಿದ ಹೊಸದರಲ್ಲಿ ಟೆಕ್ನೀಶಿಯಂ ತೆಗೆಯುವುದೇ ದೊಡ್ಡ ಸಾಹಸವಾಗಿತ್ತು. ಅದು ಮಾಲಿಬ್ಡಿನಂನಿಂದ ಹುಟ್ಟುತ್ತದೆ. ಸೀಸದ ಇಟ್ಟಿಗೆಗಳ ಹಿಂದೆ ನಿಂತು ಮಾಲಿಬ್ಡಿನಂ ದ್ರಾವಣಕ್ಕೆ ಒಂದು ರಾಸಾಯನಿಕ ಸುರಿದು ಕುಲುಕುತ್ತಿದ್ದೆವು. ಟೆಕ್ನೀಶಿಯಂ ಮೇಲಿನ ಪದರಕ್ಕೆ ಬರುತ್ತಿತ್ತು. ಆ ಪದರವನ್ನು ಬೇರೆ ಮಾಡಿ, ಒಣಗಿಸಿ, ಉಪ್ಪುನೀರಿನಲ್ಲಿ ಕರಗಿಸಬೇಕು. ಆ ರಾಸಾಯನಿಕದ ಪೇಂಟ್ ತಿನ್ನರಿನಂಥ ವಾಸನೆ ಸೀರೆಗೆ ಹತ್ತುತ್ತಿತ್ತು. ಬಸ್ಸಿನಲ್ಲಿ ಪಕ್ಕದ ಹೆಂಗಸು ‘ಮನೆಗೆ ಬಣ್ಣ ಹೊಡಿಸ್ತಿದೀರಾ?’ ಎಂದರೆ ಹೌದು ಎನ್ನುತ್ತಿದ್ದೆ. ಎಷ್ಟು ವರ್ಷ ಬಣ್ಣ ಹೊಡೆಸುವುದು! ಕೊನೆಗೆ ಬಸ್ಸೇ ಬದಲಾಯಿಸಿದೆ.

ಆಮೇಲೆ ಟೆಕ್ನೀಶಿಯಂ ಇಳಿಸಿಕೊಡುವ ಹೊಸ ಜನರೇಟರು ಬಂತು. ದೊಡ್ಡ ಸ್ಟವ್ವಿನಷ್ಟು ಡಬ್ಬ, ಒಳಗೆ ಮಾಲಿಬ್ಡಿನಂ, ಸುತ್ತ ಎತ್ತಿದರೆ ಬೆನ್ನು ನೋಯುವಷ್ಟು ಸೀಸ. ಒಂದು ಕಡೆ ಉಪ್ಪುನೀರಿನ ಸೀಸೆ, ಇನ್ನೊಂದು ಕಡೆ ಗಾಳಿ ತೆಗೆದ ಖಾಲಿ ಸೀಸೆ ಸಿಕ್ಕಿಸಿದರೆ ಸುರ್ರೆಂದು ಟೆಕ್ನೀಶಿಯಂ ಇಳಿಯುತ್ತದೆ. ಬರಿದಾದದ್ದು ಮಾರನೇ ಬೆಳಗ್ಗೆಗೆ ಮತ್ತೆ ತುಂಬಿಕೊಂಡಿರುತ್ತದೆ. ವಾರ ಕಳೆದಂತೆ ಕಡಿಮೆಯಾಗುತ್ತ ಬರುತ್ತದೆ. ಪ್ರಪಂಚದ ಎಲ್ಲ ಆಸ್ಪತ್ರೆಗಳಲ್ಲೂ ಇದಕ್ಕೆ ಹಾಲು ಕರೆಯುವುದು ಎಂದೇ ಹೆಸರು. ಅಪ್ಪನಿಗೆ ಹೇಳಿದಾಗ ಅವರು ಅಪರೂಪಕ್ಕೆ ಬಾಯಿ ಬಿಟ್ಟು, ‘ದಿನಕ್ಕೆ ಎಷ್ಟು ಹೊತ್ತು ಕರೀತದೆ?’ ಎಂದು ಕೇಳಿದರು. ಮಾವ ಮಾತ್ರ, ‘ಅಷ್ಟು ಓದಿ ಅಲ್ಲೂ ಹಾಲು ಕರೆಯೋಕೆ ಹೋದ್ಲಾ? ಇಲ್ಲೇ ಇತ್ತಲ್ಲ ಹಸ’ ಎಂದರು.

ಹೊಸಬರು ಮುಖ್ಯವಾಗಿ ಕಲಿಯಬೇಕಾದದ್ದು ಯಂತ್ರವಲ್ಲ, ರೋಗಿಗಳಿಗೆ ಹೇಳುವ ರೀತಿ. ಚುಚ್ಚಿದ ಮೇಲೆ ಒಂದು ದಿನ ಮಕ್ಕಳನ್ನೂ ಬಸುರಿಯರನ್ನೂ ಹತ್ತಿರ ಸೇರಿಸಬೇಡಿ ಎಂದರೆ ಯಾರೂ ಕೇಳುತ್ತಿರಲಿಲ್ಲ. ದೊಡ್ಡ ಡಾಕ್ಟರಿಗೆ ಒಂದು ಉಪಾಯ ಹೊಳೆಯಿತು.

‘ವಿಕಿರಣ ಪಿಕಿರಣ ಅಂದ್ರೆ ಯಾರಿಗೆ ಅರ್ಥ ಆಗುತ್ತೆ ರತ್ನಮ್ಮ? ಸೂತಕ ಅನ್ನಿ. ಮುಟ್ಟಬೇಡಿ, ಎತ್ತಬೇಡಿ, ದೂರ ಕೂತ್ಕೊಳ್ಳಿ. ಜನ ಚಾಚೂ ತಪ್ಪದೆ ಪಾಲಿಸ್ತಾರೆ.’

ನಿಜಕ್ಕೂ ಪಾಲಿಸಿದರು. ತ್ಯಾಗರಾಜನಗರದ ಕಿರಾಣಿ ಅಂಗಡಿಯ ಯಜಮಾನರೊಬ್ಬರು ಹೃದಯದ ಸ್ಕ್ಯಾನು ಮಾಡಿಸಿಕೊಂಡು ಹೋದರು. ಒಂದು ವಾರ ದಾಟಿದ ಮೇಲೆ ಅವರ ಹೆಂಡತಿ ಆಸ್ಪತ್ರೆಗೆ ಬಂದರು.

‘ಡಾಕ್ಟ್ರೇ, ಹನ್ನೊಂದನೇ ದಿನ ಹತ್ರ ಬಂತು. ಪುಣ್ಯಾಹಕ್ಕೆ ನೀವೇ ಯಾರನ್ನಾದ್ರೂ ಕಳಿಸ್ತೀರೋ, ನಮ್ಮ ಪುರೋಹಿತರೇ ಸಾಕೋ?’

ದೊಡ್ಡ ಡಾಕ್ಟರು ಪೆನ್ನು ಕೆಳಗಿಟ್ಟರು. ‘ಯಾರಮ್ಮ ಹೋಗಿಬಿಟ್ಟಿದ್ದು?’

‘ಅಯ್ಯೋ ಬಿಡ್ತು ಅನ್ನಿ! ಯಾರೂ ಹೋಗಿಲ್ಲ. ನಮ್ಮನೆಯವರಿಗೆ ನೀವೇ ಸೂತಕ ಅಂದ್ರಲ್ಲ. ಮಹಡಿ ರೂಮಲ್ಲಿ ಇದಾರೆ. ತಟ್ಟೆ ಬಾಗಿಲ ಹತ್ರ ಇಟ್ಟು ಬರ್ತೀನಿ.’

ಸೂತಕ ಎಂದವರು ಒಂದೇ ದಿನ ಎಂದು ಸೇರಿಸುವುದನ್ನು ಮರೆತಿದ್ದರು. ಡಾಕ್ಟರು ನನ್ನನ್ನೂ ಕರೆದುಕೊಂಡು ಅವರ ಮನೆಗೇ ಓಡಿದರು. ಯಜಮಾನರು ಮಹಡಿ ರೂಮಿನಲ್ಲಿ ಫ್ಯಾನು ಹಾಕಿಕೊಂಡು ರೇಡಿಯೋ ಕೇಳುತ್ತಿದ್ದರು. ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಹೇಳಿದರು: ‘ಸಾರ್, ಶುರು ಮಾಡಿದ್ದೀನಿ, ಇನ್ನೊಂದೆರಡು ದಿನ ಇದ್ದೇ ಬಿಡ್ತೀನಿ. ಕೆಳಗೆ ಹೇಳ್ಬೇಡಿ. ಇಷ್ಟು ನೆಮ್ಮದಿ ನಾನು ಮದುವೆಯಾದ ಮೇಲೆ ಕಂಡಿರ್ಲಿಲ್ಲ.’

ಆಮೇಲೆ ನಮ್ಮ ವಿಭಾಗದಲ್ಲಿ ಆ ಪದವನ್ನು ಯಾರೂ ಬಳಸಲಿಲ್ಲ.

ಇನ್ನೊಂದು ಸಂಗತಿ, ಎದೆಯ ಮೇಲೆ ಹಾಕಿಕೊಳ್ಳುವ ಬ್ಯಾಡ್ಜಿನದು. ನಮಗೆ ಎಷ್ಟು ವಿಕಿರಣ ತಗುಲಿದೆ ಎಂದು ಅದು ಲೆಕ್ಕವಿಡುತ್ತದೆ. ಒಮ್ಮೆ ದೊಡ್ಡ ಡಾಕ್ಟರ ಬ್ಯಾಡ್ಜಿನಲ್ಲಿ ಗಾಬರಿಯಾಗುವಷ್ಟು ಬಂತು. ವಿಚಾರಣೆ, ರಕ್ತಪರೀಕ್ಷೆ ಎಲ್ಲ ನಡೆಯಿತು. ಅವರ ಮನೆಯಲ್ಲಿ ಮೃತ್ಯುಂಜಯ ಹೋಮವೂ ಆಯಿತು. ಕೊನೆಗೆ ನೋಡಿದರೆ ಡಾಕ್ಟರು ರಜೆಗೆ ಹೋಗುವಾಗ ಕೋಟನ್ನು ಬ್ಯಾಡ್ಜಿನ ಸಮೇತ ಜನರೇಟರಿನ ಪಕ್ಕದ ಮೊಳೆಗೆ ನೇತುಹಾಕಿ ಹೋಗಿದ್ದರು. ಡಾಕ್ಟರು ಮೈಸೂರಿನಲ್ಲಿ ಬೀಗರ ಮನೆಯಲ್ಲಿ ಹೋಳಿಗೆ ತಿನ್ನುತ್ತಿದ್ದಾಗ ಕೋಟು ಇಲ್ಲಿ ವಿಕಿರಣ ತಿನ್ನುತ್ತಿತ್ತು. ಆದ್ದರಿಂದ ಬ್ಯಾಡ್ಜು ನಿಮ್ಮ ಮೈಮೇಲಿರಲಿ, ಇಲ್ಲವೇ ವಿಕಿರಣ ತಗುಲದ ಕಡೆ ಅದಕ್ಕೆಂದು ಗೊತ್ತುಮಾಡಿದ ಜಾಗದಲ್ಲಿರಲಿ.

ನೆಂಟರ ಭಯ ಮಾತ್ರ ಯಾವ ಬ್ಯಾಡ್ಜಿನಿಂದಲೂ ಹೋಗಲಿಲ್ಲ. ಬಿಟಿಎಂ ಲೇಔಟಿನಲ್ಲಿ ಒಂದು ಗೃಹಪ್ರವೇಶದ ಊಟಕ್ಕೆ ಕುಳಿತಾಗ ಮಾವ ನನ್ನ ಪಕ್ಕದ ಎಲೆಯಿಂದ ಎದ್ದು ಎದುರು ಸಾಲಿಗೆ ಹೋದರು. ‘ಅವಳ ಪಕ್ಕ ಕೂತ್ರೆ ಕೂದ್ಲು ಉದುರ್ತದಂತೆ’ ಎಂದು ಬಡಿಸುವವರಿಗೆ ಹೇಳಿದರು. ಅವರ ತಲೆಯಲ್ಲಿ ಆಗಲೇ ಉದುರುವಂಥದ್ದು ಏನೂ ಉಳಿದಿರಲಿಲ್ಲ. ನಾನು ನಕ್ಕೆ. ಆದರೆ ಆ ದಿನ ಪಾಯಸ ರುಚಿಸಲಿಲ್ಲ. ನನ್ನ ಕೆಲಸಕ್ಕೆ ಯಾರು ಏನು ಅಂದರೂ ಸಹಿಸುತ್ತಿದ್ದೆ. ಮಾವ ಒಂದು ಸಲ ಸರಿಯಾಗಿ ನೋಡಲಿ ಎಂಬ ಆಸೆ ಮಾತ್ರ ಹೋಗಿರಲಿಲ್ಲ.

ಅವರು ನೋಡಲು ಬಂದದ್ದು ಹೀಗೆ.

ನನ್ನ ಸರ್ವೀಸು ಮುಗಿಯುವ ತಿಂಗಳು. ಮಾವನಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು ಎಂದು ತಿಳಿದಿತ್ತು. ಮೂಳೆಗೆ ಇಳಿಯದಿದ್ದರೆ ಆಪರೇಷನ್, ಇಳಿದಿದ್ದರೆ ಆಪರೇಷನ್ನಿನ ಮಾತೇ ಇಲ್ಲ, ದಾರಿಯೇ ಬೇರೆ. ಇದರ ಮಧ್ಯೆ ನಮ್ಮೂರ ನಾಗೇಶ್ವರ ದೇವಸ್ಥಾನದ ಗೆಳೆಯರ ಜೊತೆ ಕಾಶಿಗೆ ವಿಮಾನದ ಟಿಕೆಟ್ ಆಗಿತ್ತು. ಅವರ ಮಗ ನಾಗರಾಜ ಫೋನು ಮಾಡಿದ.

‘ಅಕ್ಕ, ಅಪ್ಪ ಸ್ಕ್ಯಾನಿಗೆ ಬರಲ್ಲ ಅಂತಿದೆ. ನೀನೇ ಮಾತಾಡು.’

ಮಾವ ಫೋನು ಕಸಿದುಕೊಂಡರು. ‘ನಿನ್ ಕೈಲಿ ಸೂಜಿ ಚುಚ್ಚಿಸ್ಕೊಂಡು ಕತ್ತಲಲ್ಲಿ ಹೊಳೆಯೋಕೆ ನಾನೇನು ಮಿಣುಕುಹುಳಾನಾ?’

‘ಹೊಳೆಯಲ್ಲ ಮಾವ. ಹೊಳೆದ್ರೂ ಒಳ್ಳೇದೇ, ಕರೆಂಟ್ ಹೋದಾಗ ಅತ್ತೆಗೆ ಅನುಕೂಲ.’

‘ಮೂಳೇಲಿ ಏನಾದ್ರೂ ಇದ್ರೆ?’

‘ಇದ್ರೆ ಗೊತ್ತಾಗುತ್ತೆ.’

‘ಅದೇ ಬೇಡ ಅಂತಿರೋದು’ ಎಂದರು. ಸದಾ ಗಟ್ಟಿಯಾಗಿ ಮಾತಾಡುವ ಮನುಷ್ಯನ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. ಅಲ್ಲಿಗೆ ತಮಾಷೆ ನಿಲ್ಲಿಸಿ, ‘ನಾನಿರ್ತೀನಿ, ಬನ್ನಿ’ ಎಂದೆ. ಕಾಶಿಗೆ ಹೊರಡುವ ಹಿಂದಿನ ದಿನ ಬಂದರು.

ಚುಚ್ಚಿದಾಗ ‘ಇಷ್ಟೇನಾ? ನಮ್ ಕೆರೆ ಸೊಳ್ಳೆ ಇದಕ್ಕಿಂತ ಜೋರಾಗಿ ಕಚ್ತದೆ’ ಎಂದರು. ಔಷಧ ಮೂಳೆಗೆ ಹಿಡಿಯಲು ಮೂರು ಗಂಟೆ ಬೇಕು. ಅಷ್ಟರಲ್ಲಿ ಚೆನ್ನಾಗಿ ನೀರು ಕುಡಿದು, ಮಿಕ್ಕದ್ದನ್ನು ಮೂತ್ರದಲ್ಲಿ ಹೊರಹಾಕಬೇಕು. ‘ಕೂತು ಮಾಡಿ ಮಾವ, ಹನಿ ಎಲ್ಲೂ ಸಿಡಿಯಬಾರದು’ ಎಂದು ಬಿಡಿಸಿ ಹೇಳಿದೆ. ‘ಗಂಡಸಿಗೆ ಅದನ್ನ ಹೇಳ್ಕೊಡ್ತೀಯಾ?’ ಎಂದು ಗದರಿಕೊಂಡು ಒಳಗೆ ಹೋದರು.

ಚುಕ್ಕೆ ಎಷ್ಟು ಆಳದಲ್ಲಿದೆ ಎಂದೂ ತೋರಿಸುವ, ಸಿಟಿ ಸ್ಕ್ಯಾನ್ ಜೋಡಿಸಿದ ಹೊಸ ಕ್ಯಾಮೆರಾ ಅವತ್ತು ರಿಪೇರಿಗೆ ನಿಂತಿತ್ತು. ಹಳೆಯದರಲ್ಲೇ ಮಲಗಿಸಿದೆವು. ನನ್ನ ಪಕ್ಕದಲ್ಲಿ ಡಾಕ್ಟರ್ ನಿಖಿತಾ ಇದ್ದರು. ದೊಡ್ಡ ಡಾಕ್ಟರ ನಂತರ ಬಂದವರು, ವಯಸ್ಸಿನಲ್ಲಿ ನನ್ನ ಮಗಳಂತೆ. ತಲೆ, ಪಕ್ಕೆಲುಬು, ಬೆನ್ನು ಎಲ್ಲ ಸ್ವಚ್ಛವಾಗಿ ಬಂತು. ಸೊಂಟಕ್ಕೆ ಬಂದಾಗ, ಬಲಗಡೆ, ಮೂಳೆಯ ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ.

ಅಂಥ ಚುಕ್ಕೆಗಳನ್ನು ನೋಡಿ ನೋಡಿ ನನ್ನ ಕೂದಲು ಬೆಳ್ಳಗಾಗಿತ್ತು. ಆದರೂ ಚಿತ್ರವನ್ನು ದೊಡ್ಡದು ಮಾಡಿ ಇನ್ನೊಮ್ಮೆ ನೋಡಿದೆ. ಗಾಜಿನಾಚೆ ಮಾವ ಕಣ್ಣು ಮುಚ್ಚಿ, ಕೈ ಜೋಡಿಸಿ ಮಲಗಿದ್ದರು.

‘ಮೂತ್ರದ ಹನಿ ಇರಬಹುದು ಮೇಡಂ. ಗೌನ್ ಬದಲಾಯಿಸಿ, ಚರ್ಮ ಒರೆಸಿ ನೋಡೋಣ’ ಎಂದರು ನಿಖಿತಾ. ಎಲ್ಲರಿಗೂ ಹಾಗೇ ಮಾಡುವುದು. ಮಾವ ಬಾತ್‌ರೂಮಿನಲ್ಲಿ ತಾವೇ ಒರೆಸಿಕೊಂಡು, ಗೌನ್ ಬದಲಾಯಿಸಿ ಬಂದು ಮಲಗಿದರು. ಚುಕ್ಕೆ ಒಂದಿಷ್ಟು ಜರುಗಿದ ಹಾಗೆ ಕಂಡಿತು, ಹೋಗಲಿಲ್ಲ. ಪಕ್ಕದಿಂದ ತೆಗೆದರೆ ಚರ್ಮದ ಹತ್ತಿರವೇ ಕಾಣಿಸುತ್ತಿತ್ತು. ಆದರೆ ಆ ಜಾಗದಲ್ಲಿ ಮೂಳೆಯೂ ಚರ್ಮಕ್ಕೇ ಅಂಟಿಕೊಂಡಿರುತ್ತದೆ.

‘ಗೌನ್ ಒಳಗೆ ಇನ್ನೇನಾದ್ರೂ ಹಾಕಿದಾರಾ?’ ಎಂದು ನಿಖಿತಾ ಕೇಳಿದರು.

ನಾನು ಹೋಗಿ ನೋಡಿದೆ. ಸೊಂಟದಲ್ಲಿ ಕೆಂಪು ಉಡುದಾರ. ಅದರ ಉದ್ದದ ತುದಿ ಇಳಿಬಿದ್ದು ಒದ್ದೆಯಾಗಿದೆ. ಮಲಗುವಾಗ ಮಾವ ಅದನ್ನು ಮೇಲೆಳೆದು ಬಲಗಡೆ ದಾರಕ್ಕೇ ಸುತ್ತಿಕೊಂಡಿದ್ದಾರೆ.

‘ಮಾವ, ಇದನ್ನ ತೆಗೀಬೇಕು.’

ಮಾವ ಎದ್ದು ಕುಳಿತರು. ‘ಉಡ್ದಾರಾನಾ? ಜೀವ ಇರೋವಾಗ್ಲಾ? ಹೆಣಕ್ಕೆ ತೆಗೀತಾರೆ ಕಣೇ ಅದನ್ನ! ಇನ್ನೂ ಇದೀನಲ್ಲ!’

‘ಸರ್, ಎರಡೇ ನಿಮಿಷ’ ಎಂದರು ನಿಖಿತಾ.

‘ಅರ್ಧ ನಿಮಿಷಾನೂ ಆಗಲ್ಲ ತಾಯಿ. ಬರೀ ಸೊಂಟದಲ್ಲಿ ಹುಟ್ಟಿದ ದಿನ ಇದ್ದಿದ್ದು ಅಷ್ಟೇ.’

ಬೇಗೂರಿನಲ್ಲಿ ಹುಟ್ಟಿದವಳಾಗಿ ನನಗೆ ಅವರ ಸಂಕಟ ಗೊತ್ತಿತ್ತು. ಅದರ ದಾರಿಯೂ ಗೊತ್ತಿತ್ತು. ಹೊಸದನ್ನು ಕಟ್ಟಿದ ಮೇಲೆ ಹಳೆಯದನ್ನು ಕತ್ತರಿಸಬಹುದು. ನಾಗರಾಜನನ್ನು ಜಯನಗರ ಫೋರ್ತ್ ಬ್ಲಾಕಿಗೆ ಓಡಿಸಿದೆ. ಅವನು ಬೈಕಿನಲ್ಲಿ ಹೋಗಿ ಕಪ್ಪು ದಾರ ತಂದ.

‘ಲೋ, ನಾನೇನು ದೃಷ್ಟಿ ತೆಗಿಸ್ಕೊಳೋ ಕೂಸಾ? ಕೆಂಪು ತಗೊಂಬಾರೋ’ ಎಂದರು ಮಾವ.

‘ಯಾವುದಾದ್ರೆ ಏನಪ್ಪಾ, ಒಳಗಿರೋದು!’

‘ಒಳಗಿರೋದಕ್ಕೇ ಇಷ್ಟೆಲ್ಲಾ ಆಗಿರೋದು.’

ನಾಗರಾಜ ಮತ್ತೆ ಓಡಿದ. ನಿಖಿತಾ ಗಡಿಯಾರ ನೋಡುತ್ತಿದ್ದರು. ಟೆಕ್ನೀಶಿಯಂ ಯಾರ ಸಂಪ್ರದಾಯಕ್ಕೂ ಕಾಯುವುದಿಲ್ಲ. ತಡವಾದಷ್ಟೂ ಚಿತ್ರ ಮಸುಕು. ಮಾವ ಮಾತ್ರ ಮಂಚದ ಮೇಲೆ ಕುಳಿತು ನನ್ನನ್ನೇ ನೋಡುತ್ತಿದ್ದರು.

‘ರತ್ನಿ, ನಿಜ ಹೇಳು. ಅಲ್ಲೇನೋ ಕಾಣ್ತಿದೆ ಅಲ್ವಾ?’

‘ಕಾಣ್ತಿದೆ ಮಾವ. ಅದು ನಿಮ್ಮದೋ ದಾರದ್ದೋ ಇನ್ನೂ ಗೊತ್ತಿಲ್ಲ.’

ಅವರು ತಲೆಯಾಡಿಸಿದರು. ‘ಗೊತ್ತಿಲ್ಲ ಅಂತ ಹೇಳಿದ್ಯಲ್ಲ. ಬೇರೆಯವ್ರಾಗಿದ್ರೆ ಏನೂ ಇಲ್ಲ ಅಂದಿರೋರು.’

ಕೆಂಪು ದಾರ ಬಂತು. ಮಾವ ಪೂರ್ವಕ್ಕೆ ತಿರುಗಿ ಕಟ್ಟಿಕೊಂಡರು. ನಾನು ಕೈಗವಸು ತೊಟ್ಟು ಹಳೆಯದನ್ನು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ತೆಗೆದೆ. ಸೊಂಟವನ್ನು ಇನ್ನೊಮ್ಮೆ ತೊಳೆದು, ಹೊಸ ಗೌನ್ ತೊಡಿಸಿ ಮಲಗಿಸಿದೆವು. ಕ್ಯಾಮೆರಾ ನಿಧಾನವಾಗಿ ಎಣಿಸತೊಡಗಿತು. ಚುಕ್ಕೆ ಚುಕ್ಕೆಯಾಗಿ ಸೊಂಟ ಮೂಡಿತು. ಬಲಗಡೆಯ ಅಂಚು ಮೂಡಿತು. ಎಡಗಡೆ ಹೇಗಿತ್ತೋ ಹಾಗೇ ಇತ್ತು, ಬೇರೇನೂ ಇರಲಿಲ್ಲ.

ನಿಖಿತಾ ನನ್ನ ಕೈ ಹಿಸುಕಿದರು. ನಾನು ಕುರ್ಚಿ ಹುಡುಕಿ ಕುಳಿತೆ.

ಆಮೇಲೆ ಮಾವನನ್ನು ಒಳಗೆ ಕರೆದು, ಹಳೆಯ ಉಡುದಾರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕ್ಯಾಮೆರಾದ ಕೆಳಗಿಟ್ಟು ತೋರಿಸಿದೆ. ಪರದೆಯ ಮೇಲೆ ಒಂದು ಮುದುರಿದ ಗೆರೆ, ತುದಿಯಲ್ಲಿ ಕಡಲೆಕಾಯಿಯಷ್ಟು ಕಪ್ಪು.

‘ಇದಾ?’ ಎಂದರು ಮಾವ. ‘ಇದೇನಾ ನನ್ ಜೀವ ತೆಗೆದಿದ್ದು?’

‘ಇದೇ. ಕೂತು ಮಾಡಿ ಅಂದಿದ್ದೆ.’

ಅವರು ಪರದೆಯ ಹತ್ತಿರ ಬಾಗಿ ನೋಡಿದರು. ‘ಇದೆಲ್ಲಾ ನೀನೇ ಮಾಡೋದಾ? ಔಷಧ ಕಲಸೋದು, ಚುಚ್ಚೋದು, ಫೋಟೋ ತೆಗೆಯೋದು?’

‘ಹೂಂ. ಫೋಟೋ ನೋಡಿ ಹೇಳೋದು ಡಾಕ್ಟರು.’

‘ಅದು ಎಕ್ಸ್‌-ರೇ ಅಲ್ಲ ಅಲ್ವಾ?’

‘ಅಲ್ಲ ಮಾವ.’

‘ಮೊದ್ಲೇ ಸರಿಯಾಗಿ ಹೇಳ್ಬಾರ್ದಾಗಿತ್ತಾ’ ಎಂದರು!

ಇನ್ನೊಂದು ಕೆಲಸ ಬಾಕಿಯಿತ್ತು. ಮೈಯಲ್ಲಿ ಟೆಕ್ನೀಶಿಯಂ ಇದ್ದವರು ಒಂದೆರಡು ದಿನದ ಒಳಗೆ ವಿಮಾನ ಹತ್ತಲು ಹೋದರೆ, ನಿಲ್ದಾಣದಲ್ಲಿ ವಿಕಿರಣ ಪತ್ತೆ ಮಾಡುವ ಯಂತ್ರವಿದ್ದರೆ ಅದು ಕೂಗಿಕೊಳ್ಳಬಹುದು. ಅದಕ್ಕಾಗಿ ನಾವು ಒಂದು ಸರ್ಟಿಫಿಕೇಟು ಕೊಡುತ್ತೇವೆ: ಇಂಥವರಿಗೆ ಇಂಥ ಪರೀಕ್ಷೆಗಾಗಿ ಇದನ್ನು ಕೊಡಲಾಗಿದೆ, ಇವರಿಂದ ಪಕ್ಕದವರಿಗೆ ಅಪಾಯವಿಲ್ಲ. ನಿಖಿತಾ ಸಹಿ ಹಾಕಿದರು. ವಿಕಿರಣ ಸುರಕ್ಷತೆ ನೋಡಿಕೊಳ್ಳುವವಳಾಗಿ ಕೆಳಗೆ ನಾನು ಸಹಿ ಹಾಕಿ, ಸೀಲು ಒತ್ತಿ ಮಾವನ ಕೈಗೆ ಕೊಟ್ಟೆ.

ಇಂಗ್ಲಿಷಿನಲ್ಲಿದ್ದ ಅದನ್ನು ಅವರು ನಾಗರಾಜನಿಗೆ ಕೊಟ್ಟು ಓದಿಸಿದರು. ಅವನು ಕೊನೆಯವರೆಗೂ ಓದಿದ: ‘ಎನ್. ರತ್ನಮ್ಮ, ಬಿ.ಎಸ್ಸಿ.’ ಮಾವ ಕಾಗದ ವಾಪಸು ತೆಗೆದುಕೊಂಡು, ‘ಎಲ್ಲೋ ಅದು ಬರೆದಿರೋದು?’ ಎಂದು ಕೇಳಿ, ನಾಗರಾಜ ತೋರಿಸಿದ ಜಾಗದ ಮೇಲೆ ಬೆರಳಾಡಿಸಿದರು. ಮಡಿಸಲಿಲ್ಲ. ಎರಡು ಕೈಯಲ್ಲೂ ಹಿಡಿದುಕೊಂಡರು.

‘ಜೋಪಾನ ಮಾವ’ ಎಂದೆ. ‘ಏರ್‌ಪೋರ್ಟಲ್ಲಿ ಯಾರಾದ್ರೂ ಕೇಳಿದ್ರೆ ತೋರಿಸಿ.’

‘ಕೇಳ್ದಿದ್ರೂ ತೋರಿಸ್ತೀನಿ’ ಎಂದರು.